ಏಳನೆಯ ಸಿಲಿಂಡರ್

“ಅದರ ನಡುಕ ಎಲ್ಲಿಂದ ಬರ್ತಿದೆ ಅಂತ ಹುಡುಕೋಕೆ ಹೋಗ್ಬೇಡ ಮೇಸ್ತ್ರಿ. ಸಿಕ್ಕಿಬಿಟ್ರೆ ನಿನ್ನ ಹಿಂದೇನೇ ಬರುತ್ತೆ.”

ವೇಬ್ರಿಡ್ಜಿನ ಪಕ್ಕದ ಗಾಜಿನ ಗೂಡಿನಲ್ಲಿ ಕೂತು ಲಾರಿಗಳ ತೂಕ ಬರೆದುಕೊಳ್ಳುತ್ತಿದ್ದ ಹೆಂಗಸು ಈ ಮಾತನ್ನು ತಲೆಯೆತ್ತದೆ ಹೇಳಿದಳು. ಐವತ್ತು ದಾಟಿದವಳು. ಯಾರ್ಡಿನಲ್ಲಿ ಎಲ್ಲರೂ ಅವಳನ್ನು ತೂಕದಕ್ಕ ಎಂದೇ ಕರೆಯುತ್ತಿದ್ದರು. ಕೆಲಸಕ್ಕೆ ಸೇರಿ ಇನ್ನೂ ಎರಡು ಗಂಟೆಯೂ ಆಗಿರದ ಹೊಸ ಮೇಸ್ತ್ರಿ ಗೂಡಿನ ಗಾಜು ಅದುರುವಂತೆ ನಕ್ಕುಬಿಟ್ಟ.

“ಬರ್ಲಿ ಬಿಡಿ ಅಕ್ಕ. ಬಸ್ಸಿಗೆ ಕಾಯೋದು ತಪ್ಪುತ್ತೆ,” ಎಂದ.

ಅವಳು ನಗಲಿಲ್ಲ. ಪೆನ್ನಿನ ಮುಚ್ಚಳವನ್ನು ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಅವಳ ಕಣ್ಣು ಶೆಡ್ಡಿನ ಕೊನೆಯಲ್ಲಿ ನಿಂತಿದ್ದ ಹಳೆಯ ಲಾರಿಯ ಕಡೆ ಒಮ್ಮೆ ಹೋಗಿ, ಸುಟ್ಟುಕೊಂಡಂತೆ ಹಿಂದಕ್ಕೆ ಬಂತು.

ಮೇಸ್ತ್ರಿಗೆ ಹಿಂದಿನ ವರ್ಕ್‌ಶಾಪಿನಲ್ಲಿ ಕಿವಿಮೇಸ್ತ್ರಿ ಎಂಬ ಹೆಸರಿತ್ತು. ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಅವನು ಕಣ್ಣು ಮುಚ್ಚಿದನೆಂದರೆ ಒಳಗಿನ ಕಾಯಿಲೆ ತಾನಾಗಿ ಬಾಯಿಬಿಡುತ್ತಿತ್ತು. ಯಾವ ವಾಲ್ವು ಸಡಿಲವಾಗಿದೆ, ಯಾವ ಬೇರಿಂಗು ಸವೆದಿದೆ ಎಂದು ಬಿಚ್ಚುವ ಮೊದಲೇ ಹೇಳುತ್ತಿದ್ದ. ಬಿಚ್ಚಿ ನೋಡಿದವರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಈ ಹೆಮ್ಮೆ ಅವನ ನಡಿಗೆಯಲ್ಲೂ ಇತ್ತು, ಮಾತಿನಲ್ಲೂ ಇತ್ತು. ದೆವ್ವ, ಮಾಟ ಎಂದು ಯಾರಾದರೂ ಶುರುಮಾಡಿದರೆ, ಕಬ್ಬಿಣಕ್ಕೆ ತುಕ್ಕೊಂದೇ ಹಿಡಿಯುವುದು, ಇನ್ನೇನೂ ಹಿಡಿಯುವುದಿಲ್ಲ ಎಂದು ಬಾಯಿ ಮುಚ್ಚಿಸುತ್ತಿದ್ದ.

ಆ ಲಾರಿಗೆ ಇಪ್ಪತ್ತನಾಲ್ಕು ವರ್ಷ. ಯಾರ್ಡಿನ ಯಜಮಾನ ತಾನೇ ಒಂದು ಕಾಲಕ್ಕೆ ಮೇಸ್ತ್ರಿಯಾಗಿದ್ದು ಮೊದಲು ಕೊಂಡ ಗಾಡಿ ಅದು. ಮೂರು ವರ್ಷದಿಂದ ಎಂಜಿನ್ ನಡುಗುತ್ತಿತ್ತು. ಡ್ರೈವರುಗಳು ಒಂದು ಸಲ ಓಡಿಸಿ ಕೀಲಿ ವಾಪಸು ಕೊಡುತ್ತಿದ್ದರು. ಕೊಳ್ಳಲು ಬಂದವರು ಸ್ಟೀರಿಂಗ್ ಮುಟ್ಟಿ ನೋಡಿ ಹೊರಟುಹೋಗುತ್ತಿದ್ದರು. ಹಿಂದೆ ಬಂದ ಇಬ್ಬರು ಮೇಸ್ತ್ರಿಗಳು ಅರ್ಧಕ್ಕೇ ಕೈಬಿಟ್ಟಿದ್ದರಂತೆ. ಇದನ್ನೆಲ್ಲ ಹೇಳುವಾಗ ಯಜಮಾನ ಲಾರಿಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ. ಬೇರೆ ಯಾವ ಕೆಲಸವನ್ನೂ ನೋಡಬೇಡ, ನಡುಕದ ಮೂಲ ಹುಡುಕಿ ತೆಗೆ ಎಂದಷ್ಟೇ ಅವನ ಅಪ್ಪಣೆ.

ಶೆಡ್ಡಿನ ಆ ಮೂಲೆಯಲ್ಲಿ ಹಗಲಲ್ಲೂ ಕತ್ತಲು. ಸುಟ್ಟ ಆಯಿಲ್, ಹಳೆಯ ರಬ್ಬರು, ಒದ್ದೆ ಗೋಣಿಯ ವಾಸನೆ. ಅದರಡಿಯಲ್ಲಿ ಇನ್ನೊಂದು ವಾಸನೆಯೂ ಇತ್ತು. ಕೂದಲು ಕರಟಿದಂತೆ, ಬಹಳ ತೆಳ್ಳಗೆ. ಮೇಸ್ತ್ರಿ ಎಂಜಿನ್ ಚಾಲೂ ಮಾಡಿದ. ಗೇರು ಹಾಕದೆ ನಿಂತಲ್ಲೇ ಇದ್ದರೂ ಲಾರಿ ತಲೆಯಿಂದ ಬಾಲದವರೆಗೆ ಅದುರತೊಡಗಿತು. ಅಂದರೆ ಚಕ್ರದ ದೋಷವಲ್ಲ, ಚಕ್ರಕ್ಕೆ ಶಕ್ತಿ ಒಯ್ಯುವ ಉದ್ದನೆಯ ದಂಡದ ದೋಷವೂ ಅಲ್ಲ. ಕ್ಲಚ್ ಒತ್ತಿ ಹಿಡಿದ. ವ್ಯತ್ಯಾಸವಿಲ್ಲ. ಗೇರ್‌ಬಾಕ್ಸನ್ನೂ ಲೆಕ್ಕದಿಂದ ಬಿಟ್ಟ. ಎಂಜಿನ್ನನ್ನು ಚಾಸಿಯ ಮೇಲೆ ಕೂರಿಸುವ ರಬ್ಬರುಗಳು ಬಿರುಕುಬಿಟ್ಟಿದ್ದವು, ಹೊಸವನ್ನು ಹಾಕಿದ. ನಡುಕ ಹಾಗೇ ಇತ್ತು.

ಮರುದಿನ ಸಿಲಿಂಡರುಗಳಿಗೆ ಡೀಸೆಲ್ ಚಿಮುಕಿಸುವ ಇಂಜೆಕ್ಟರುಗಳ ಸರದಿ. ಎಂಜಿನ್ ಓಡುತ್ತಿರುವಾಗಲೇ ಡೀಸೆಲ್ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸಿದ. ಸರಿಯಿರುವ ಸಿಲಿಂಡರಿನ ಡೀಸೆಲ್ ನಿಂತರೆ ಎಂಜಿನ್ ಮುಗ್ಗರಿಸುತ್ತದೆ. ಕೆಟ್ಟಿರುವುದರದು ನಿಂತರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಆರೂ ಸಿಲಿಂಡರುಗಳು ಒಂದೇ ತರಹ ಮುಗ್ಗರಿಸಿದವು. ಆರಕ್ಕೂ ಆರೋಗ್ಯ. ಹಾಗಾದರೆ ನಡುಗುತ್ತಿರುವುದು ಏಳನೆಯದೇ ಇರಬೇಕು ಎಂದು ಅವನು ವೇಬ್ರಿಡ್ಜಿನ ಹತ್ತಿರ ಹೋಗಿ ಜೋಕು ಹೊಡೆದ. ತೂಕದಕ್ಕ ಗಾಜಿನ ಕಿಟಕಿಯನ್ನು ಎಳೆದು ಮುಚ್ಚಿಕೊಂಡಳು.

ಮೂರನೆಯ ದಿನ ಮಧ್ಯಾಹ್ನ ಒಂದು ಲೋಟದಲ್ಲಿ ನೀರು ತುಂಬಿ ಎಂಜಿನ್ನಿನ ಮೇಲಿಟ್ಟ. ನೀರಿನ ಮೇಲೆ ಸಣ್ಣ ಸುಕ್ಕುಗಳೆದ್ದವು. ಮೇಸ್ತ್ರಿ ಆಕ್ಸಿಲರೇಟರಿನ ಕಡ್ಡಿಯನ್ನು ಎಳೆದ. ಎಂಜಿನ್ ಕೂಗಿತು, ಹೊಗೆ ಶೆಡ್ಡಿನ ತಗಡಿಗೆ ಬಡಿಯಿತು. ಸುಕ್ಕುಗಳು ಬದಲಾಗಲಿಲ್ಲ. ಕಡ್ಡಿ ಬಿಟ್ಟ. ಎಂಜಿನ್ ಇಳಿಯಿತು. ಸುಕ್ಕುಗಳು ಅದೇ ಲಯದಲ್ಲಿ ಬರುತ್ತಲೇ ಇದ್ದವು. ಎಂಜಿನ್ನಿನ ವೇಗಕ್ಕೂ ಅದರ ನಡುಕಕ್ಕೂ ಸಂಬಂಧವೇ ಇರಲಿಲ್ಲ. ಅವನ ಹದಿನೆಂಟು ವರ್ಷದ ಕಸುಬಿನಲ್ಲಿ ಇಂಥದ್ದನ್ನು ಕಂಡಿರಲಿಲ್ಲ. ತಿರುಗುವ ವಸ್ತು ಹೀಗೆ ನಡುಗುವುದಿಲ್ಲ. ಹೀಗೆ ನಡುಗುವುದು ಚಳಿಜ್ವರ ಬಂದ ಮೈ.

ಎಂಜಿನ್ ಆರಿಸಿದ. ಶೆಡ್ಡು ಮೌನವಾಯಿತು. ಲೋಟದ ನೀರು ಇನ್ನೂ ನಡುಗುತ್ತಿತ್ತು.

ಭಯವನ್ನು ಒಪ್ಪಿಕೊಳ್ಳುವ ಜಾತಿಯವನಲ್ಲ ಅವನು. ಮತ್ತೆ ಚಾಲೂ ಮಾಡಿ ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡ. ಮುಂದಿನಿಂದ ಹಿಂದಕ್ಕೆ ಇಂಚಿಂಚಾಗಿ ಸರಿಸುತ್ತ ಕೇಳಿದ. ಎಂಜಿನ್ನು ಗೇರ್‌ಬಾಕ್ಸನ್ನು ಕೂಡುವ ಕಡೆ, ಫ್ಲೈವೀಲೆಂಬ ಭಾರದ ಚಕ್ರವನ್ನು ಮುಚ್ಚಿದ ಎರಕದ ಗುಮ್ಮಟದ ಮೇಲೆ ತುದಿ ಊರಿದಾಗ ಬೇರೆಲ್ಲ ಸದ್ದೂ ಹಿಂದೆ ಸರಿಯಿತು. ಹಲ್ಲು ಹಲ್ಲಿಗೆ ತಾಕುವ ಸದ್ದು. ನಡುವೆ ಉಸಿರಿನಂಥದ್ದು. ಆ ಉಸಿರಿನ ಕೊನೆಯಲ್ಲಿ ಪ್ರತಿ ಸಲವೂ ಒಂದೇ ಕ್ಷೀಣ ಸ್ವರ: ಆರ್… ಸು. ಆರ್… ಸು.

ಬೇರಿಂಗ್ ಒಣಗಿ ಕಿರುಗುಟ್ಟುತ್ತಿದೆ ಎಂದು ತನಗೆ ತಾನೇ ಹೇಳಿಕೊಂಡ. ಮೂಲ ಸಿಕ್ಕಿತು ಎಂಬ ಹುಮ್ಮಸ್ಸು ಮಿಕ್ಕೆಲ್ಲವನ್ನೂ ನುಂಗಿಹಾಕಿತು.

ಮಾರನೆಯ ಬೆಳಿಗ್ಗೆ ಲಾರಿಯಡಿಯ ಗುಂಡಿಗೆ ಇಳಿದು ಗೇರ್‌ಬಾಕ್ಸನ್ನು ಜಾಕಿಯ ಮೇಲೆ ಇಳಿಸಿದ. ಕ್ಲಚ್ ಪ್ಲೇಟು ಬಿಚ್ಚಿದ. ಟಾರ್ಚ್ ಹಿಡಿದು ಗುಮ್ಮಟದೊಳಗೆ ತಲೆ ತೂರಿಸಿದ. ಕರಟಿದ ಕೂದಲಿನ ವಾಸನೆ ಮುಖಕ್ಕೆ ರಾಚಿತು. ಒಳಗಿನ ಮೂಲೆಯಲ್ಲಿ, ಫ್ಲೈವೀಲಿನ ಹಲ್ಲಿಗೆ ತಾಗದಷ್ಟು ದೂರದಲ್ಲಿ, ಕರಿಮೇಣದಿಂದ ಮೆತ್ತಿದ ಬೆಂಕಿಪೊಟ್ಟಣದಷ್ಟು ದೊಡ್ಡ ಗಂಟು. ತಾಮ್ರದ ತಗಡು, ಅದರ ಸುತ್ತ ಕಪ್ಪು ದಾರ. ಹಿಂದಿನ ದಿನದಿಂದ ಎಂಜಿನ್ ತಣ್ಣಗಿತ್ತು. ಬೆರಳು ತಾಗಿಸಿದರೆ ಗಂಟು ಬೆಚ್ಚಗಿತ್ತು, ಹಕ್ಕಿಯ ಹೊಟ್ಟೆಯಂತೆ.

ಇಕ್ಕಳ ಪಕ್ಕದಲ್ಲೇ ಬಿದ್ದಿತ್ತು. ಅವನು ಕೈ ಹಾಕಿದ. ಗಂಟು ಮೊದಲು ಬಗ್ಗಲಿಲ್ಲ. ಆಮೇಲೆ ಹಲ್ಲು ಕಿತ್ತಂತೆ ಬೇರಿನ ಸಮೇತ ಬಂತು. ಅದೇ ಕ್ಷಣ ಅವನ ತಲೆಯ ಮೇಲಿದ್ದ ಲಾರಿ ನಿಟ್ಟುಸಿರಿಟ್ಟಿತು. ಸ್ಪ್ರಿಂಗ್ ಪಟ್ಟಿಗಳು ಕಿರ್ರೆಂದು ಸಡಿಲಗೊಂಡು ಇಡೀ ಗಾಡಿ ಒಂದು ಬೆರಳಿನಷ್ಟು ಮೇಲೆದ್ದಿತು, ಒಳಗಿದ್ದ ಯಾರೋ ಇಳಿದುಹೋದ ಹಾಗೆ.

ದಾರ ಬಿಚ್ಚಿ ನೋಡಿದ. ತಗಡಿನಲ್ಲಿ ಒಂದು ಎಳೆ ಕೂದಲು, ಖಾಕಿ ಅಂಗಿಯ ಗುಂಡಿ, ಕಪ್ಪಾಗಿ ಒಣಗಿದ ಬಟ್ಟೆಚೂರು. ಅವನಿಗೆ ನಗು ಬಂತು. ಯಾವ ಮುಟ್ಠಾಳನ ಆಟವಿದು ಎನ್ನುತ್ತ ಮತ್ತೆ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ. ತೂಕದಕ್ಕನಿಗೆ ತೋರಿಸಿ ಗೇಲಿ ಮಾಡಬೇಕಿತ್ತಲ್ಲ.

ಸಂಜೆ ನಾಲ್ಕರ ಹೊತ್ತಿಗೆ ಎಲ್ಲ ಜೋಡಿಸಿ ಚಾಲೂ ಮಾಡಿದಾಗ ಎಂಜಿನ್ ಬೆಣ್ಣೆಯಂತೆ ಓಡಿತು. ಲೋಟದ ನೀರಿನಲ್ಲಿ ಶೆಡ್ಡಿನ ತಗಡು ಕನ್ನಡಿಯಲ್ಲಿ ಕಂಡಂತೆ ಕಂಡಿತು. ಯಜಮಾನ ಓಡಿಬಂದ. ಈ ಸಲ ಇಪ್ಪತ್ತು ಹೆಜ್ಜೆ ದೂರ ನಿಂತಿದ್ದು ಲಾರಿಯಿಂದಲ್ಲ, ಮೇಸ್ತ್ರಿಯಿಂದ.

“ಏನಾದ್ರೂ ಸಿಕ್ತಾ?”

“ಏನೋ ಕಸ ಇತ್ತು. ತೆಗೆದೆ.”

“ನಿನ್ನ ಕೈಯಾರೆ?”

ಹೌದೆಂದ. ಯಜಮಾನನ ಮುಖದಲ್ಲಿ ವರ್ಷಗಟ್ಟಲೆ ಬಿಗಿಹಿಡಿದದ್ದೇನೋ ಸಡಿಲವಾಯಿತು. ಬೇಷ್ ಎಂದು ಹೇಳಿ ಬೆನ್ನು ತಿರುಗಿಸಿ ಬೇಗಬೇಗ ಹೊರಟುಹೋದ.

ಮೇಸ್ತ್ರಿ ಲಾರಿಯನ್ನು ವೇಬ್ರಿಡ್ಜಿನ ಮೇಲೆ ತಂದು ನಿಲ್ಲಿಸಿ ಇಳಿದ. ತೂಕದಕ್ಕ ಪರದೆಯ ಮೇಲಿನ ಅಂಕಿಯನ್ನು ನೋಡಿದಳು. ಹಳೆಯ ಪುಸ್ತಕ ತೆರೆದು ನೋಡಿದಳು. ಮೂರು ವರ್ಷದಿಂದ ಈ ಖಾಲಿ ಲಾರಿ ಅರವತ್ತು ಕಿಲೋ ಹೆಚ್ಚು ತೂಗುತ್ತಿತ್ತು. ಇವತ್ತು ಆ ಅರವತ್ತು ಇರಲಿಲ್ಲ. ಅವನು ಜೇಬಿಗೆ ಕೈಹಾಕಿ ಗಂಟನ್ನು ಹೊರತೆಗೆದು, ನಿಮ್ಮ ದೆವ್ವ ನೋಡಿ ಎಂದು ಅವಳೆದುರು ಚಾಚಿದ. ಅವಳು ಕುರ್ಚಿ ಉರುಳಿಸಿಕೊಂಡು ಗೋಡೆಗೆ ಒತ್ತಿ ನಿಂತಳು.

“ಲಾರಿ ಆಚೆ ತೆಗೆದು ನೀನೇ ಆ ತಟ್ಟೆ ಮೇಲೆ ನಿಂತ್ಕೋ,” ಎಂದಳು. ದನಿ ಹೊರಡುತ್ತಲೇ ಇರಲಿಲ್ಲ.

ತಮಾಷೆಗೆಂದು ನಿಂತ. ಅವನದು ಎಪ್ಪತ್ತು ಕಿಲೋ ಮೈ. ಪರದೆಯ ಮೇಲೆ ಕೆಂಪು ಅಂಕಿಗಳು ತುಸು ಓಲಾಡಿ ನಿಂತವು. ನೂರಾ ಮೂವತ್ತು.

ಯಂತ್ರ ಕೆಟ್ಟಿದೆ ಎಂದು ಬೈದು ಮನೆಗೆ ಹೊರಟ. ಬಸ್‌ಸ್ಟಾಪಿನವರೆಗಿನ ಹತ್ತು ನಿಮಿಷದ ದಾರಿಯಲ್ಲಿ ಎರಡು ಸಲ ಕೂತು ದಣಿವಾರಿಸಿಕೊಳ್ಳಬೇಕಾಯಿತು.

ಮೊದಲು ನಡುಗಿದ್ದು ಬಲಗೈಯ ಕಿರುಬೆರಳು. ಎರಡು ದಿನದಲ್ಲಿ ಎರಡೂ ಅಂಗೈ. ಪಾನಾ ನಟ್ಟಿನ ಮೇಲೆ ಕೂರುತ್ತಿರಲಿಲ್ಲ, ಕಟಕಟ ಬಡಿದು ಜಾರುತ್ತಿತ್ತು. ಲೋಟ ಎತ್ತಿದರೆ ಅರ್ಧ ನೀರು ಎದೆಯ ಮೇಲೆ. ಕಿವಿಯಲ್ಲಿ ಹಗಲೂ ರಾತ್ರಿಯೂ ಡೀಸೆಲ್ ಎಂಜಿನ್ನೊಂದು ನಿಂತಲ್ಲೇ ಓಡುತ್ತಿತ್ತು. ಸ್ಕ್ರೂಡ್ರೈವರನ್ನು ಯಾವ ಎಂಜಿನ್ನಿಗೆ ಊರಿದರೂ ಅದೊಂದೇ ಸದ್ದು. ಅಂಗಾತ ಮಲಗಿದರೆ ಎದೆಯ ಮೇಲೆ ಕಬ್ಬಿಣ ಬಂದು ಕೂರುತ್ತಿತ್ತು. ಉಸಿರು ಒಳಗೆ ಹೋಗುತ್ತಿತ್ತು, ಹೊರಬರಲು ಜಾಗವಿರುತ್ತಿರಲಿಲ್ಲ. ಮಂಚದ ಕಾಲುಗಳು ನೆಲಕ್ಕೆ ಬಡಿದುಕೊಳ್ಳುತ್ತಿದ್ದವು.

ಅವನ ಹೆಂಡತಿ ಮನೆಯಲ್ಲೇ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಹೊಲಿಗೆ ಯಂತ್ರ ಮೂಲೆಯಲ್ಲಿದ್ದರೂ ಗುಂಡಿಯ ಕಾಜಾ ಮಾತ್ರ ಕೈಯಲ್ಲೇ ಮಾಡಬೇಕು ಎಂಬುದು ಅವಳ ಹಟ. ಸೂಜಿಗೆ ದಾರ ಪೋಣಿಸುವಾಗ ನಾಲಗೆಯ ತುದಿ ಹೊರಬರುತ್ತಿತ್ತು. ಅದಕ್ಕೆ ಅವನು ಮದುವೆಯಾದ ದಿನದಿಂದ ನಗಾಡುತ್ತಿದ್ದ. ಗಂಡನ ಕೈ ನೋಡಿ ಅವಳು ಕಂಗಾಲಾದಳು. ಭುಜ ಉಳುಕಿದೆ, ನರ ಹಿಡಿದಿದೆ ಎಂದು ಅವನು ಸುಳ್ಳು ಹೇಳಿದ. ಮಾಟವೆಂದರೆ ಬಿದ್ದು ಬಿದ್ದು ನಗುತ್ತಿದ್ದವನು ಈಗ ಯಾವ ಬಾಯಿಂದ ಹೇಳಬೇಕು? ಅವಳು ಎಣ್ಣೆ ಬಿಸಿ ಮಾಡಿ ಅವನ ಕೈಗಳನ್ನು ತನ್ನ ಮಡಿಲಲ್ಲಿಟ್ಟುಕೊಂಡು ಒಂದು ಗಂಟೆ ತಿಕ್ಕಿದಳು. ಅವಳ ಮಡಿಲೂ ಜೊತೆಗೆ ಅದುರುತ್ತಿತ್ತು.

ಗಂಟು ತೆಗೆದ ಆರನೆಯ ದಿನ ಅವನು ಕಾಲೆಳೆದುಕೊಂಡು ವೇಬ್ರಿಡ್ಜಿಗೆ ಹೋದ. ಲಾರಿ ಯಾರ್ಡಿನಲ್ಲಿರಲಿಲ್ಲ. ರಿಪೇರಿಯಾದ ಮರುದಿನವೇ ಕೊಂಡವರು ಒಯ್ದಿದ್ದರು, ಎಲ್ಲಿಗೆಂದು ಯಾರಿಗೂ ಗೊತ್ತಿಲ್ಲ. ತೂಕದಕ್ಕ ಗೂಡಿನ ಬಾಗಿಲು ತೆರೆದು ಅವನನ್ನು ಕೂರಿಸಿದಳು. ಮೂರು ವರ್ಷದಿಂದ ಯಾರಿಗೂ ಹೇಳದಿದ್ದುದನ್ನು ನೆಲ ನೋಡುತ್ತ ಹೇಳಿದಳು.

ಆ ಲಾರಿಯ ಡ್ರೈವರು ಅವಳ ತಮ್ಮ. ಸಿಮೆಂಟು ಇಳಿಸಲು ಗೋದಾಮಿಗೆ ಹೋದಾಗ, ಬಾನೆಟ್ಟಿನ ಮುಂದೆ ನಿಂತಿದ್ದವನ ಮೇಲೆ ಇಳಿಜಾರಿನಲ್ಲಿ ಗಾಡಿ ಜಾರಿತು. ಗೋದಾಮಿನ ಕಟ್ಟೆಗೂ ಲಾರಿಯ ಮೂತಿಗೂ ನಡುವೆ ಅವನ ಎದೆ ಸಿಕ್ಕಿಕೊಂಡಿತು. ಎಂಜಿನ್ ಓಡುತ್ತಲೇ ಇತ್ತು. ಹಿಂದಕ್ಕೆ ತೆಗೆಯಿರಿ ಎಂದು ಹಮಾಲರು ಕೂಗಿದರು. ಯಜಮಾನ ಅಲ್ಲೇ ಇದ್ದ. ಆಕಾಶ ಕಪ್ಪಿಟ್ಟಿತ್ತು, ಗಾಡಿ ಸೂರಿನಡಿಯಿಂದ ಆಚೆ ಬಂದರೆ ಸಿಮೆಂಟು ನೆನೆಯುತ್ತದೆ, ಮೊದಲು ಮೂಟೆ ಇಳಿಸಿ ಎಂದ. ಹೇಗೂ ಬದುಕುವುದಿಲ್ಲ ಎಂದ. ಎಂಜಿನ್ನನ್ನಾದರೂ ಆರಿಸಿ ಎಂದು ಸಿಕ್ಕಿಕೊಂಡವನೇ ಬೇಡಿದ. ಸ್ಟಾರ್ಟರ್ ಕೆಟ್ಟಿದೆ, ಆರಿಸಿದರೆ ಮತ್ತೆ ಹೊತ್ತಿಕೊಳ್ಳುವುದಿಲ್ಲ ಎಂದು ಯಜಮಾನ ಕೀಲಿ ಮುಟ್ಟಲು ಬಿಡಲಿಲ್ಲ. ನಲವತ್ತು ನಿಮಿಷ ಮೂಟೆ ಇಳಿಸಿದರು. ನಲವತ್ತು ನಿಮಿಷ ಎಂಜಿನ್ ಅವನ ಎದೆಯ ಮೇಲೆ ನಡುಗಿತು. ಆರ್ಸು ಆರ್ಸು ಎನ್ನುತ್ತಲೇ ಹೋದ.

ಅವಳು ಒಬ್ಬ ಮಾಟಗಾರನನ್ನು ಹುಡುಕಿಕೊಂಡು ಹೋದಳು. ಅವನು ತಮ್ಮನ ಕೂದಲು, ಅಂಗಿಯ ಗುಂಡಿ, ರಕ್ತದ ಬಟ್ಟೆ ಕೇಳಿ ಪಡೆದು ಗಂಟು ಕಟ್ಟಿದ. ಸ್ಟಾರ್ಟರನ್ನು ರಿಪೇರಿಗೆ ಬಿಚ್ಚಿದ್ದ ರಾತ್ರಿ, ಯಾರ ಕೈಗೂ ತಾಗಿಸದೆ ಚಿಮಟದಲ್ಲಿ ಹಿಡಿದು ಆ ತೂತಿನಿಂದ ಎಂಜಿನ್ನಿನ ಹೊಟ್ಟೆಯಲ್ಲಿ ಕೂರಿಸಿದ. ಯಾರು ಇದನ್ನು ಕೈಯಾರೆ ತೆಗೆಯುತ್ತಾರೋ ಸತ್ತವನ ನಡುಕ ಅವರದು ಎಂದ. ತನ್ನ ಮೊದಲ ಗಾಡಿಗೆ ಬೇರೆಯವರು ಪಾನಾ ಹಾಕಲು ಯಜಮಾನ ಬಿಡುತ್ತಿರಲಿಲ್ಲ. ಅವನೇ ತೆಗೆಯುತ್ತಾನೆ ಎಂದು ಅವಳು ಕಾದಳು. ಅವನೂ ಹಳೆಯ ಮೇಸ್ತ್ರಿ. ಆ ನಡುಕವನ್ನು ಒಂದೇ ಸಲ ಕೇಳಿದ, ಅರ್ಥಮಾಡಿಕೊಂಡ, ಅಂದಿನಿಂದ ಹತ್ತಿರ ಸುಳಿಯಲಿಲ್ಲ. ಬೇರೆಯವರ ಕೈಗಳನ್ನು ಕರೆಸಿದ.

“ಇದು ಹೋಗೋಕೆ ದಾರಿ?” ಎಂದು ಮೇಸ್ತ್ರಿ ಕೇಳಿದ. ಹಲ್ಲುಗಳು ತಾಳ ಹಾಕುತ್ತಿದ್ದವು.

“ಇನ್ನೊಬ್ರು ಅದನ್ನ ಕೈಯಲ್ಲಿ ತಗೋಬೇಕು. ತಗೊಂಡ ಗಳಿಗೆ ನಿನ್ನ ಬಿಡುತ್ತೆ. ಎಸೆದುಗಿಸೆದರೆ ಸಾಯೋವರೆಗೂ ನಿಂದೇ.”

ಅಂದಿನಿಂದ ಗಂಟನ್ನು ಅವನು ಅಂಗಿಯ ಒಳಜೇಬಿನಲ್ಲೇ ಇಟ್ಟುಕೊಂಡ, ಸ್ನಾನಕ್ಕೆ ಹೋದರೂ ಅಂಗಿಯನ್ನು ಬಚ್ಚಲಿಗೇ ಒಯ್ಯುತ್ತಿದ್ದ. ಒಂಬತ್ತನೆಯ ದಿನ ಅದನ್ನು ಒಂದು ರಟ್ಟಿನ ಪೆಟ್ಟಿಗೆಯೊಳಗೆ, ಇಂಜೆಕ್ಟರಿನ ಹಳೆಯ ನಾಜಲುಗಳ ನಡುವೆ ಹುದುಗಿಸಿ, ತೋರಿಸಲಿಕ್ಕೆಂದು ಯಜಮಾನನ ಕೋಣೆಗೆ ಒಯ್ದ. ಒಂದು ಸಲ ನೋಡಿ ಎಂದು ಮುಂದೆ ಚಾಚಿದ. ಪೆಟ್ಟಿಗೆಯೊಳಗೆ ನಾಜಲುಗಳು ಗಿಲಗಿಲ ಸದ್ದುಮಾಡಿದವು.

ಯಜಮಾನ ಕುರ್ಚಿಯಲ್ಲಿ ಹಿಂದಕ್ಕೊರಗಿ ಎರಡೂ ಕೈಗಳನ್ನು ಕಂಕುಳಿಗೆ ಸೇರಿಸಿಕೊಂಡ. ಮಗ್ಗುಲು ಮನೆಯವನ ಜೊತೆ ಮಾತಾಡುವಷ್ಟು ಮೆತ್ತಗೆ ಹೇಳಿದ.

“ಅವಳು ಮೊದಲ್ನೇ ದಿನಾನೇ ನಿಂಗೆ ಹೇಳಿದ್ಲಲ್ಲಪ್ಪ. ಹೇಳ್ಬೇಡ ಅಂತ ನಾನೇನು ಅವಳ ಬಾಯಿ ಕಟ್ಟಿರ್ಲಿಲ್ಲ. ನಕ್ಕಿದ್ದು ನೀನು.”

ಮೇಸ್ತ್ರಿ ಮೇಜು ಸುತ್ತಿ ಅವನ ಮೇಲೆ ಬೀಳಲು ನೋಡಿದ. ಅರವತ್ತು ಕಿಲೋ ಎದೆಯ ಮೇಲೆ ಹೊತ್ತವನು ಎಷ್ಟು ದೂರ ಓಡಿಯಾನು? ಎರಡು ಹೆಜ್ಜೆಗೆ ಮೊಣಕಾಲು ಕುಸಿಯಿತು. ನಾಜಲುಗಳು ನೆಲದ ಮೇಲೆ ಉರುಳಿದವು. ಯಜಮಾನ ಕಾಲು ಮೇಲೆತ್ತಿ ಕುರ್ಚಿಯ ಮೇಲಿಟ್ಟುಕೊಂಡು, ನಿನ್ನ ಸಾಮಾನು ನೀನೇ ಎತ್ತಿಕೊಂಡು ಹೋಗು, ನಾಳೆಯಿಂದ ಬರಬೇಡ, ಕೈ ನಡುಗುವ ಮೇಸ್ತ್ರಿ ನನಗೆ ಬೇಡ ಎಂದ. ಮೇಸ್ತ್ರಿ ನೆಲದ ಮೇಲೆ ತೆವಳಿ ಗಂಟನ್ನು ಹುಡುಕಿ ಜೇಬಿಗೆ ಹಾಕಿಕೊಂಡ.

ಹೊರಗೆ ಬಂದು ತೂಕದಕ್ಕನ ಗೂಡಿನ ಮುಂದೆ ಮಂಡಿಯೂರಿದ. ಗಂಟನ್ನು ಅಂಗೈಯಲ್ಲಿಟ್ಟು ಚಾಚಿದ.

ಅವಳು ಅಳುತ್ತಿದ್ದಳು. ಕೈಗಳು ಮಡಿಲಲ್ಲಿ ಒಂದನ್ನೊಂದು ಹಿಡಿದುಕೊಂಡಿದ್ದವು.

“ನಾನೇ ತಗೋಬೇಕು. ನನ್ನ ಒಡಹುಟ್ಟು ಅವನು,” ಎಂದಳು. “ಆದ್ರೆ ಆ ನಲವತ್ತು ನಿಮಿಷ ನಂಗೆ ತಡ್ಕೊಳ್ಳೋಕಾಗಲ್ಲ ತಮ್ಮಾ. ಆಗಲ್ಲ.”

ತಮ್ಮಾ ಎಂದದ್ದು ತನಗೋ, ಎದೆಯ ಮೇಲಿದ್ದವನಿಗೋ ಅವನಿಗೆ ತಿಳಿಯಲಿಲ್ಲ. ಗಾಜಿನ ಕಿಟಕಿ ಮುಚ್ಚಿತು. ಒಳಗಿನಿಂದ ಚಿಲಕದ ಸದ್ದು ಬಂತು.

ಮನೆ ಮುಟ್ಟುವಾಗ ಹೊತ್ತು ಇಳಿಯುತ್ತಿತ್ತು. ಬಾಗಿಲಲ್ಲೇ ಅಂಗಿ ಕಳಚಿ ಕುರ್ಚಿಯ ಮೇಲೆ ಹಾಕಿ ಬಚ್ಚಲಿಗೆ ಹೋದ. ತಲೆಯ ಮೇಲೆ ತಣ್ಣೀರು ಸುರಿದುಕೊಂಡರೆ ಎಂಜಿನ್ನಿನ ಸದ್ದು ಚೂರು ತಗ್ಗುತ್ತಿತ್ತು. ಬಕೆಟ್ಟಿನಲ್ಲಿ ಚೆಂಬು ಮುಳುಗಿಸಿ ಎತ್ತಿದ. ನೀರು ಚೆಲ್ಲುತ್ತಿತ್ತು. ಕಿವಿಯಲ್ಲಿ ಎಂಜಿನ್ ಓಡುತ್ತಿತ್ತು. ಎದೆ ಬಿರಿಯುತ್ತಿತ್ತು.

ನಿಂತಿತು.

ಒಮ್ಮೆಗೇ. ಕೀಲಿ ತಿರುಗಿಸಿದ ಹಾಗೆ.

ಚೆಂಬಿನ ನೀರು ಅಲುಗಲಿಲ್ಲ. ಅದರಲ್ಲಿ ಅವನ ಮುಖವಿತ್ತು. ನಲ್ಲಿಯಿಂದ ಹನಿ ಬೀಳುವುದು ಕೇಳಿಸಿತು. ಹಿತ್ತಲಲ್ಲಿ ಯಾರೋ ಬಟ್ಟೆ ಒಗೆಯುವುದು ಕೇಳಿಸಿತು. ಉಸಿರು ಎದೆಯ ತಳದವರೆಗೆ ಹೋಗಿ ಹೊರಬಂತು. ಮತ್ತೆ ಹೋಯಿತು. ಎಷ್ಟು ಹಗುರ. ಒಂಬತ್ತು ದಿನದಲ್ಲಿ ಮೊದಲ ಸಲ ಅವನಿಗೆ ಹಾಡಬೇಕೆನ್ನಿಸಿತು.

ಆಗ ಕೋಣೆಯಲ್ಲಿ ಕತ್ತರಿ ಬಿದ್ದ ಸದ್ದಾಯಿತು. ಅದರ ಹಿಂದೆ ಗುಂಡಿಗಳ ಡಬ್ಬ. ನೂರಾರು ಗುಂಡಿಗಳು ನೆಲದ ಮೇಲೆ ಚೆಲ್ಲಾಡಿದವು. ಅವು ಉರುಳಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಚಿಟಚಿಟ ಕುಣಿಯುತ್ತಲೇ ಇದ್ದವು.

ಅವನಿಗೆ ಅರ್ಥವಾಯಿತು. ಅಂಗಿ ನೆನೆಹಾಕುವ ಮೊದಲು ಅವಳು ಜೇಬು ನೋಡುತ್ತಾಳೆ. ಯಾವಾಗಲೂ ನೋಡುತ್ತಾಳೆ, ನಟ್ಟು, ವಾಷರು ಮರೆತು ತರುವ ಗಂಡ. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾಚಿಕೆಗೆ ಬಾಯಿ ಕಟ್ಟಿಕೊಂಡಿದ್ದ.

ಬಚ್ಚಲಿನ ಬಾಗಿಲು ತೆರೆದು ಬಂದ.

ಅವಳು ಹೊಲಿಗೆ ಯಂತ್ರಕ್ಕೆ ಬೆನ್ನು ಕೊಟ್ಟು ನೆಲದಲ್ಲಿ ಕುಸಿದಿದ್ದಳು. ಹೊಲಿಗೆ ಯಂತ್ರದ ಚಕ್ರ ತಾನಾಗಿ ಅಲುಗುತ್ತಿತ್ತು. ಅಂಗೈಯಲ್ಲಿ ತಾಮ್ರದ ಗಂಟು. ಕೋಣೆಯಲ್ಲೆಲ್ಲ ಕರಟಿದ ಕೂದಲಿನ ವಾಸನೆ. ಅವಳ ಬೆರಳುಗಳು ಮಡಚಲು ನೋಡುತ್ತಿದ್ದವು, ಆಗುತ್ತಿರಲಿಲ್ಲ. ಕಣ್ಣುಗಳು ಅವನನ್ನು ಹುಡುಕಿ ಹಿಡಿದವು.

“ರೀ, ಇದೇನ್ರೀ ಇದು. ಕೈ ನಿಲ್ತಾನೇ ಇಲ್ಲ. ಎದೆ ಮೇಲೆ ಯಾರೋ ಕೂತ್ಕೊಂಡ್ಹಾಗೆ…” ಹಲ್ಲುಗಳು ಮಾತನ್ನು ಕತ್ತರಿಸುತ್ತಿದ್ದವು. “ತಗೊಳ್ರೀ. ಇದನ್ನ ತಗೊಳ್ರೀ.”

ಅವಳು ಕೈ ಚಾಚಿದಳು.

ನಾಲ್ಕು ಹೆಜ್ಜೆ. ಅಷ್ಟೇ ದೂರ. ಹೋಗಿ ತೆಗೆದುಕೊಂಡರೆ ಮುಗಿಯಿತು. ಅವನು ಒಂದು ಹೆಜ್ಜೆ ಇಟ್ಟ. ಕೈ ಮುಂದಾಯಿತು. ಗೇಣುದ್ದ. ಆಮೇಲೆ ಎದೆ ನೆನಪಾಯಿತು. ಉಸಿರು ಸಿಕ್ಕಿಕೊಳ್ಳುವುದು. ಕಬ್ಬಿಣ ಇಳಿದು ಕೂರುವುದು. ಆರ್ಸು ಆರ್ಸು ಎನ್ನುವುದು. ಕೊನೆಯಿಲ್ಲ ಅದಕ್ಕೆ.

ಕೈ ಅಲ್ಲೇ ನಿಂತಿತು.

“ರೀ.”

ಅವಳಿಗೆ ಅವನ ಮುಖ ಕಂಡಿತು. ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ತಿಳಿದದ್ದು ಅವಳ ಕಣ್ಣಿನಲ್ಲಿ ಕಂಡಿತು. ಆದರೂ ಚಾಚಿದ ಕೈಯನ್ನು ಅವಳು ಇಳಿಸಲಿಲ್ಲ.

ಅವನು ತನ್ನ ಕೈಯನ್ನು ನೋಡಿಕೊಂಡ. ಒದ್ದೆಯಾಗಿತ್ತು. ಬೆರಳ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂದಿಷ್ಟೂ ನಡುಗುತ್ತಿರಲಿಲ್ಲ. ಆ ಕೈಯನ್ನು ಅವನು ನಿಧಾನವಾಗಿ ಬೆನ್ನ ಹಿಂದಕ್ಕೆ ಸರಿಸಿಕೊಂಡ.